ಪಿಂಚಣಿ ವಿಚಾರದಲ್ಲಿ ಒಕ್ಕೂಟ ಸರ್ಕಾರದ ಅಧಿಕಾರ ಎಲ್ಲಿಯವರೆಗೆ? ಅಮೆರಿಕದ ಸೋಷಿಯಲ್ ಸೆಕ್ಯುರಿಟಿ, ನಮ್ಮ ಎನ್‌ಪಿಎಸ್

ಅಂತರಗಂಗೆ_ಓದುಗ (ಕೋಲಾರ)

ಎಲ್ಲರಿಗೂ ನಮಸ್ಕಾರ. ಕೋಲಾರದಲ್ಲಿ ಪದವಿ ವಿದ್ಯಾರ್ಥಿಗಳಿಗೆ ಒಂದು ಚರ್ಚಾಸ್ಪರ್ಧೆ ಇದೆ. ವಿಷಯ: "ಪಿಂಚಣಿ ಯೋಜನೆ ಒಕ್ಕೂಟ ಸರ್ಕಾರದ ಕೆಲಸವೇ ಅಲ್ಲ". ಪರ ವಹಿಸುವ ಹುಡುಗರು ವಾಟ್ಸಾಪಿನಲ್ಲಿ ಬಂದ ಒಂದು ಬರಹ ಹಿಡಿದುಕೊಂಡಿದ್ದಾರೆ. ಅದರಲ್ಲಿ ಹೀಗಿದೆ: ಅಮೆರಿಕದ ಸಂವಿಧಾನದಲ್ಲಿ ಪಿಂಚಣಿ ಅನ್ನೋ ಪದವೇ ಇಲ್ಲ, ಹತ್ತನೇ ತಿದ್ದುಪಡಿ ಪ್ರಕಾರ ಒಕ್ಕೂಟಕ್ಕೆ ಕೊಡದ ಅಧಿಕಾರವೆಲ್ಲ ರಾಜ್ಯಗಳದ್ದು, ಆದ್ದರಿಂದ ಸೋಷಿಯಲ್ ಸೆಕ್ಯುರಿಟಿ (ಸಂಬಳದ ಮೇಲೆ ತೆರಿಗೆ ಹಾಕಿ ವೃದ್ಧಾಪ್ಯದಲ್ಲಿ ಹಣ ಕೊಡುವ ಅಲ್ಲಿಯ ಒಕ್ಕೂಟದ ಯೋಜನೆ) ಸಂವಿಧಾನಬಾಹಿರ. ಕೊನೆಗೆ "ಹಾಗೆಯೇ ಕರ್ನಾಟಕವೂ ನಾಳೆ ಬೆಳಿಗ್ಗೆ ಎನ್‌ಪಿಎಸ್ ಬಿಟ್ಟು ಹಳೇ ಪಿಂಚಣಿಗೆ ಬರಬಹುದು, ಕೇಂದ್ರ ಕೇಳೋ ಹಾಗಿಲ್ಲ" ಎಂದು ಮುಗಿಸಿದ್ದಾರೆ. (ಎನ್‌ಪಿಎಸ್ ಅಂದರೆ ನೌಕರ, ಸರ್ಕಾರ ಇಬ್ಬರೂ ತಿಂಗಳು ತಿಂಗಳು ಖಾತೆಗೆ ಕಟ್ಟುವ ಪಿಂಚಣಿ; ಹಳೇ ಪಿಂಚಣಿ ಅಂದರೆ ನಿವೃತ್ತಿಯ ಮೇಲೆ ಸರ್ಕಾರವೇ ಖಜಾನೆಯಿಂದ ಕೊಡುವುದು.)

ಮೊದಲನೇ ವಾದ ಅಲ್ಲಿಯ ಕೋರ್ಟಿನಲ್ಲಿ ಬಂದಿತ್ತಾ, ಬಂದಿದ್ದರೆ ಏನಾಯಿತು? ಎರಡನೆಯದು ನಮ್ಮ ಸಂವಿಧಾನಕ್ಕೆ ಎಷ್ಟರ ಮಟ್ಟಿಗೆ ಹೊಂದುತ್ತದೆ? ಇಸವಿ, ಪ್ರಕರಣದ ಹೆಸರು ಸಮೇತ ಹೇಳಿದರೆ ಹುಡುಗರಿಗೆ ತಿದ್ದಿ ಕೊಡಬಹುದು. ರಾಜಕೀಯ ಪಕ್ಷಗಳ ಜಗಳ ಇಲ್ಲಿ ಬೇಡ ದಯವಿಟ್ಟು.

---

ಬಂಗಾರಪೇಟೆ_ಲಾ

ಸಾರ್, ಮೊದಲನೇ ವಾದ ಬಂದಿತ್ತು. ಒಂದು ಕೆಳ ಹಂತದಲ್ಲಿ ಗೆದ್ದೂ ಇತ್ತು. ಸುಪ್ರೀಂ ಕೋರ್ಟಿನಲ್ಲಿ 1937ರ ಮೇ 24ರಂದು ಸೋತಿತು. ಯಾಕೆ ಸೋತಿತು ಅನ್ನೋದು ಗೊತ್ತಾಗಬೇಕಾದರೆ ಎರಡು ವರ್ಷ ಹಿಂದಕ್ಕೆ ಹೋಗಬೇಕು.

1934ರಲ್ಲಿ ಅಮೆರಿಕದ ಕಾಂಗ್ರೆಸ್ ರೈಲ್ವೆ ನೌಕರರಿಗೆ ಕಡ್ಡಾಯ ಪಿಂಚಣಿ ಕಾಯ್ದೆ ಮಾಡಿತು. ಅಲ್ಲಿ ರೈಲ್ವೆ ಖಾಸಗಿ ಕಂಪನಿಗಳ ಕೈಯಲ್ಲಿತ್ತು. ರೈಲು ರಾಜ್ಯದಿಂದ ರಾಜ್ಯಕ್ಕೆ ಓಡುತ್ತದೆ, ಅಂತರರಾಜ್ಯ ವಾಣಿಜ್ಯ ನಿಯಂತ್ರಿಸುವ ಅಧಿಕಾರ ಒಕ್ಕೂಟಕ್ಕಿದೆ, ಆದ್ದರಿಂದ ಅದರ ನೌಕರರ ಪಿಂಚಣಿಯೂ ನಮ್ಮ ವ್ಯಾಪ್ತಿಗೆ ಬರುತ್ತದೆ ಎಂಬುದು ಸರ್ಕಾರದ ಲೆಕ್ಕ. ಕಂಪನಿಗಳು ಕೋರ್ಟಿಗೆ ಹೋದವು. ರೈಲ್ರೋಡ್ ರಿಟೈರ್ಮೆಂಟ್ ಬೋರ್ಡ್ ವರ್ಸಸ್ ಆಲ್ಟನ್ ರೈಲ್ರೋಡ್ ಪ್ರಕರಣದಲ್ಲಿ 1935ರ ಮೇ 6ರಂದು 5-4 ಬಹುಮತದಿಂದ ಕಾಯ್ದೆ ಬಿದ್ದುಹೋಯಿತು. ನ್ಯಾಯಮೂರ್ತಿ ರಾಬರ್ಟ್ಸ್ ಬರೆದ ತೀರ್ಪಿನ ತಿರುಳು ಇಷ್ಟು: ಮುದಿ ವಯಸ್ಸಿನ ಕೆಲಸಗಾರನ ಮನಸ್ಸಿಗೆ ನೆಮ್ಮದಿ ಕೊಡುವುದು ಒಳ್ಳೇ ಕೆಲಸ ಇರಬಹುದು, ಆದರೆ ಅದು ಸಾಗಾಣಿಕೆಯ ಸುರಕ್ಷತೆಗೂ ದಕ್ಷತೆಗೂ ಸಂಬಂಧಪಟ್ಟದ್ದಲ್ಲ, ವಾಣಿಜ್ಯದ ನಿಯಂತ್ರಣವೂ ಅಲ್ಲ. ಕಾಯ್ದೆಯ ವಿವರಗಳಲ್ಲೂ ತೊಡಕಿತ್ತು. ಅದು ಜಾರಿಯಾಗುವ ಹಿಂದಿನ ಒಂದು ವರ್ಷದಲ್ಲಿ ಕೆಲಸ ಬಿಟ್ಟು ಹೋದವರನ್ನೂ ಒಳಗೆ ಸೇರಿಸಿಕೊಂಡಿತ್ತು.

ವಾಟ್ಸಾಪ್ ಬರಹದವರು ಹುಡುಕಬೇಕಾಗಿದ್ದ ಪ್ರಕರಣ ಇದು. ಅವರ ವಾದಕ್ಕೆ ಇದಕ್ಕಿಂತ ಗಟ್ಟಿ ಆಧಾರ ಸಿಗೋದಿಲ್ಲ.

ಸೋಷಿಯಲ್ ಸೆಕ್ಯುರಿಟಿ ಮಸೂದೆ ಆಗ ಇನ್ನೂ ಕಾಂಗ್ರೆಸ್ಸಿನಲ್ಲೇ ಇತ್ತು. ಅದನ್ನು ಕಟ್ಟಿದ್ದೇ ಬೇರೆ ದಾರಿಯಲ್ಲಿ. 1935ರ ಆಗಸ್ಟ್ 14ರಂದು ಅಧ್ಯಕ್ಷ ರೂಸ್ವೆಲ್ಟ್ ಸಹಿ ಹಾಕಿದ ಕಾಯ್ದೆ ತೆರೆದು ನೋಡಿ: ವೃದ್ಧಾಪ್ಯದ ಹಣ ಕೊಡುವ ಮಾತು ಎರಡನೇ ಭಾಗದಲ್ಲಿದೆ, ಸಂಬಳದ ಮೇಲೆ ತೆರಿಗೆ ಹಾಕುವ ಮಾತು ಎಂಟನೇ ಭಾಗದಲ್ಲಿದೆ. ನಡುವೆ ಬೇರೆ ಐದು ಭಾಗ. "ಈ ತೆರಿಗೆಯಿಂದಲೇ ಈ ಪಿಂಚಣಿ" ಎಂದು ಕಾಯ್ದೆ ಎಲ್ಲೂ ಗಂಟು ಹಾಕುವುದಿಲ್ಲ. ಆಗ ತೆರಿಗೆ ಹೋಗುತ್ತಿದ್ದದ್ದು ನೇರ ಸಾಮಾನ್ಯ ಖಜಾನೆಗೆ, ಪಿಂಚಣಿಗೆ ಬೇಕಾದ ಹಣವನ್ನು ಕಾಂಗ್ರೆಸ್ ಬೇರೆಯಾಗಿ ಮಂಜೂರು ಮಾಡಬೇಕಿತ್ತು. ಕೋರ್ಟಿನ ಮುಂದೆ ಎರಡನ್ನೂ ಬಿಡಿಬಿಡಿಯಾಗಿ ನಿಲ್ಲಿಸಬೇಕು ಅನ್ನೋ ಉದ್ದೇಶದಿಂದಲೇ ಹೀಗೆ ಮಾಡಿದ್ದು. ತೆರಿಗೆ ಹಾಕುವ ಅಧಿಕಾರ ಒಕ್ಕೂಟಕ್ಕೆ ಸಂವಿಧಾನದ ಒಂದನೇ ವಿಧಿಯ ಎಂಟನೇ ಪ್ರಕರಣದಲ್ಲಿ ಸ್ಪಷ್ಟವಾಗಿದೆ. ಸಾಮಾನ್ಯ ಕ್ಷೇಮಕ್ಕಾಗಿ ಎಂಬ ಮಾತೂ ಅದೇ ವಾಕ್ಯದಲ್ಲಿದೆ.

ಆ ಮಾತಿನ ಅರ್ಥದ ಬಗ್ಗೆ ಸಂವಿಧಾನ ರೂಪಿಸಿದವರಲ್ಲಿ ಇಬ್ಬರಾದ ಮ್ಯಾಡಿಸನ್ ಮತ್ತು ಹ್ಯಾಮಿಲ್ಟನ್ ಕಾಲದಿಂದಲೂ ಜಗಳ. ಸಂವಿಧಾನದಲ್ಲಿ ಪಟ್ಟಿ ಮಾಡಿದ ಅಧಿಕಾರಗಳಿಗಾಗಿ ಮಾತ್ರ ಖರ್ಚು ಮಾಡಬಹುದು ಅನ್ನೋದು ಮ್ಯಾಡಿಸನ್ ವಾದ. ಹಾಗಲ್ಲ, ಖರ್ಚು ಮಾಡುವ ಅಧಿಕಾರ ಪ್ರತ್ಯೇಕವಾದದ್ದು ಅನ್ನೋದು ಹ್ಯಾಮಿಲ್ಟನ್ ವಾದ. 1936ರ ಜನವರಿಯ ಯುನೈಟೆಡ್ ಸ್ಟೇಟ್ಸ್ ವರ್ಸಸ್ ಬಟ್ಲರ್ ಪ್ರಕರಣದಲ್ಲಿ ಕೋರ್ಟು ಹ್ಯಾಮಿಲ್ಟನ್ ಪಕ್ಷ ಹಿಡಿಯಿತು. ಹಿಡಿದೂ ಕೃಷಿ ಕಾಯ್ದೆಯನ್ನು ಹೊಡೆದುಹಾಕಿತು. ರೈತ ಬಿತ್ತನೆ ಕಡಿಮೆ ಮಾಡಲಿ ಅಂತ ಹಣ ಕೊಡುವುದು ಕೃಷಿಯ ಮೇಲೆ ಹಿಡಿತ ಸಾಧಿಸಿದ ಹಾಗೆ, ಕೃಷಿ ರಾಜ್ಯಗಳದ್ದು, ಹತ್ತನೇ ತಿದ್ದುಪಡಿಗೆ ವಿರುದ್ಧ ಎಂದಿತು. ವಿಚಿತ್ರ ತೀರ್ಪು: ಸಿದ್ಧಾಂತ ಸರ್ಕಾರಕ್ಕೆ, ಫಲ ಎದುರಾಳಿಗೆ.

ಆಮೇಲೆ ಬಂದದ್ದು ಹೆಲ್ವರಿಂಗ್ ವರ್ಸಸ್ ಡೇವಿಸ್. ಬಾಸ್ಟನ್ನಿನ ಒಂದು ವಿದ್ಯುತ್ ಕಂಪನಿಯ ಷೇರುದಾರ ಹಾಕಿದ ದಾವೆ. ಕಂಪನಿ ಈ ತೆರಿಗೆ ಕಟ್ಟಬಾರದು ಎಂಬುದು ಅವನ ಬೇಡಿಕೆ. ಮೇಲ್ಮನವಿ ನ್ಯಾಯಾಲಯ ಹತ್ತನೇ ತಿದ್ದುಪಡಿ ಹಿಡಿದು ಅವನ ಪರ ತೀರ್ಪು ಕೊಟ್ಟಿತ್ತು. ಸುಪ್ರೀಂ ಕೋರ್ಟು 7-2ರಲ್ಲಿ ತಿರುಗಿಸಿತು. ಮ್ಯಾಕ್‌ರೆನಾಲ್ಡ್ಸ್ ಮತ್ತು ಬಟ್ಲರ್ ಎಂಬ ನ್ಯಾಯಮೂರ್ತಿಗಳಿಬ್ಬರದೇ ಭಿನ್ನಮತ. ಕಾರ್ಡೋಜೋ ಬರೆದ ಬಹುಮತದ ತೀರ್ಪಿನಲ್ಲಿ ಚರ್ಚೆಗೆ ಬೇಕಾದ ಅಂಶ ಒಂದಿದೆ, ಹುಡುಗರು ಅದನ್ನು ಬಿಡಬಾರದು. ಒಂದು ರಾಜ್ಯ ಒಂಟಿಯಾಗಿ ಪಿಂಚಣಿ ಕೊಡಲು ಹೊರಟರೆ ಎರಡು ಪೆಟ್ಟು ಬೀಳುತ್ತದೆ: ತೆರಿಗೆ ಭಾರಕ್ಕೆ ಕೈಗಾರಿಕೆಗಳು ಪಕ್ಕದ ರಾಜ್ಯದ ಎದುರು ಸೋಲುತ್ತವೆ, ಪಿಂಚಣಿ ಆಸೆಗೆ ಪಕ್ಕದ ರಾಜ್ಯದ ಬಡವರು ಇಲ್ಲಿಗೆ ಬರುತ್ತಾರೆ. ಎರಡಕ್ಕೂ ಹೆದರಿ ಯಾವ ರಾಜ್ಯವೂ ಮುಂದಾಗುವುದಿಲ್ಲ, ಆದ್ದರಿಂದ ಇದು ರಾಷ್ಟ್ರದ ಸಮಸ್ಯೆ ಎಂಬುದು ಅವರ ತರ್ಕ. ಯಾವುದು ಸಾಮಾನ್ಯ ಕ್ಷೇಮ, ಯಾವುದು ಅಲ್ಲ ಎಂದು ತೀರ್ಮಾನಿಸುವುದು ಕಾಂಗ್ರೆಸ್. ಆ ತೀರ್ಮಾನ ಕಣ್ಣಿಗೆ ರಾಚುವಷ್ಟು ಮನಸೋ ಇಚ್ಛೆಯದ್ದಾಗಿದ್ದರೆ ಮಾತ್ರ ಕೋರ್ಟು ಕೈಹಾಕುತ್ತದೆ.

ಅದೇ ದಿನ ಸ್ಟೀವರ್ಡ್ ಮೆಷಿನ್ ಪ್ರಕರಣದಲ್ಲಿ ನಿರುದ್ಯೋಗ ವಿಮೆಯೂ 5-4ರಲ್ಲಿ ಉಳಿಯಿತು. ಅದರ ಕೀಲು ಬೇರೆ. ಒಕ್ಕೂಟ ತೆರಿಗೆ ಹಾಕುತ್ತದೆ, ಆದರೆ ಮಾಲೀಕ ರಾಜ್ಯದ ನಿರುದ್ಯೋಗ ನಿಧಿಗೆ ಕಟ್ಟಿದ್ದರೆ ಆ ತೆರಿಗೆಯಲ್ಲಿ ಶೇ. 90ರವರೆಗೆ ಮುರಿದುಕೊಳ್ಳಬಹುದು. ಯಾವ ರಾಜ್ಯ ತಾನೇ ನಿಧಿ ಮಾಡದೆ ಕೂರುತ್ತದೆ? ಇದು ಬಲವಂತ ಅಂತ ವಾದಿಸಿದರು. ಆಮಿಷ ಬೇರೆ ಬಲವಂತ ಬೇರೆ ಎಂದಿತು ಕೋರ್ಟು. ಆ ಗೆರೆ ಸತ್ತಿಲ್ಲ. 1987ರ ಸೌತ್ ಡಕೋಟ ವರ್ಸಸ್ ಡೋಲ್‌ನಲ್ಲಿ ಒಕ್ಕೂಟದ ಷರತ್ತಿಗೆ ಒಪ್ಪದ ರಾಜ್ಯದ ಹೆದ್ದಾರಿ ಅನುದಾನದ ಶೇ. 5 ತಡೆಹಿಡಿಯುವುದು ಸರಿ ಎಂದಾಯಿತು. 2012ರ ಎನ್‌ಎಫ್‌ಐಬಿ ವರ್ಸಸ್ ಸೆಬೆಲಿಯಸ್‌ನಲ್ಲಿ ಮೆಡಿಕೈಡ್ (ಬಡವರ ಆರೋಗ್ಯ ಯೋಜನೆ) ವಿಸ್ತರಣೆಗೆ ಒಪ್ಪದ ರಾಜ್ಯದ ಹಳೇ ಅನುದಾನವನ್ನೂ ಕಿತ್ತುಕೊಳ್ಳುವುದು ಬಲವಂತ ಎಂದು ಏಳು ನ್ಯಾಯಮೂರ್ತಿಗಳು ಹೇಳಿದರು.

1937ರಲ್ಲಿ ಕೋರ್ಟು ರೂಸ್ವೆಲ್ಟ್‌ಗೆ ಹೆದರಿ ಮಾತು ಬದಲಿಸಿತು ಅಂತ ಯಾರಾದರೂ ಸಭೆಯಲ್ಲಿ ಎದ್ದು ಹೇಳಿದರೆ, ಪೂರ್ತಿ ಒಪ್ಪಬೇಡಿ. ನ್ಯಾಯಾಧೀಶರ ಸಂಖ್ಯೆ ಹೆಚ್ಚಿಸುವ ಯೋಜನೆ ಹೊರಬಿದ್ದದ್ದು ಫೆಬ್ರವರಿ 1937ರಲ್ಲಿ. ರಾಬರ್ಟ್ಸ್ ಕನಿಷ್ಠ ಕೂಲಿ ಪ್ರಕರಣದಲ್ಲಿ ಕಾಯ್ದೆಯ ಪರ ವಾಲಿದ್ದು ಅದಕ್ಕೂ ಮೊದಲು, ಡಿಸೆಂಬರ್ 1936ರಲ್ಲಿ ನ್ಯಾಯಮೂರ್ತಿಗಳು ತಮ್ಮೊಳಗೆ ನಡೆಸಿದ ಮತದಾನದಲ್ಲೇ.

---

ಮಾಲೂರು_ನೋಟ್ಸ್

ಮೇಲಿನವರು ಚೆನ್ನಾಗಿ ಹೇಳಿದ್ದಾರೆ. ಒಂದು ತುಂಡು ಬಿಟ್ಟುಹೋಗಿದೆ, ಕೋಲಾರದ ಚರ್ಚೆಗೆ ಅದೇ ಹೆಚ್ಚು ಹತ್ತಿರ: ರಾಜ್ಯ ಸರ್ಕಾರದ ನೌಕರರು.

1935ರ ಕಾಯ್ದೆ ರಾಜ್ಯ ಮತ್ತು ಸ್ಥಳೀಯ ಸಂಸ್ಥೆಗಳ ನೌಕರರನ್ನು ಹೊರಗಿಟ್ಟಿತ್ತು. ಒಕ್ಕೂಟ ರಾಜ್ಯ ಸರ್ಕಾರದ ಮೇಲೆ, ಅದೂ ಮಾಲೀಕನ ಲೆಕ್ಕದಲ್ಲಿ, ತೆರಿಗೆ ಹಾಕಬಹುದೇ ಎಂಬ ಸಂದೇಹ ಇತ್ತು. 1950ರಲ್ಲಿ 218ನೇ ಪ್ರಕರಣ ಸೇರಿಸಿ "ಇಷ್ಟವಿದ್ದ ರಾಜ್ಯ ಒಪ್ಪಂದ ಮಾಡಿಕೊಂಡು ಸೇರಬಹುದು" ಎಂದರು. ಎರಡು ವರ್ಷ ಮುಂಚೆ ತಿಳಿಸಿ ಹೊರಗೆ ಹೋಗುವ ಅವಕಾಶವೂ ಇತ್ತು. ಬಹಳಷ್ಟು ರಾಜ್ಯಗಳು ಸೇರಿದವು.

1983ರಲ್ಲಿ ಸೋಷಿಯಲ್ ಸೆಕ್ಯುರಿಟಿ ನಿಧಿಗೆ ಕಷ್ಟ ಬಂತು. ಆ ವರ್ಷದ ತಿದ್ದುಪಡಿ ಹೊರಹೋಗುವ ಬಾಗಿಲನ್ನೇ ಮುಚ್ಚಿತು. ಆಗಲೇ ನೋಟಿಸ್ ಕೊಟ್ಟು ಅವಧಿ ಮುಗಿಯಲು ಕಾಯುತ್ತಿದ್ದವರೂ ಸಿಕ್ಕಿಕೊಂಡರು. ಕ್ಯಾಲಿಫೋರ್ನಿಯಾದ ಸ್ಥಳೀಯ ಸಂಸ್ಥೆಗಳು ಕೋರ್ಟಿಗೆ ಹೋದವು. ಸಂಘದ ಹೆಸರೇ "ಸೋಷಿಯಲ್ ಸೆಕ್ಯುರಿಟಿ ಬೋನಿಗೆ ವಿರೋಧವಾಗಿರುವ ಸಾರ್ವಜನಿಕ ಸಂಸ್ಥೆಗಳು" ಎಂಬರ್ಥದ್ದು. 1986ರ ಬೋವೆನ್ ಪ್ರಕರಣದಲ್ಲಿ ನ್ಯಾಯಮೂರ್ತಿ ಪೊವೆಲ್ ಬರೆದರು: ಕಾಯ್ದೆಯ 1104ನೇ ಪ್ರಕರಣದಲ್ಲಿ ತಿದ್ದುವ, ಬದಲಿಸುವ, ರದ್ದುಮಾಡುವ ಹಕ್ಕನ್ನು ಕಾಂಗ್ರೆಸ್ ಮೊದಲಿನಿಂದಲೂ ತನ್ನ ಬಳಿಯೇ ಇಟ್ಟುಕೊಂಡಿದೆ, ಒಪ್ಪಂದ ಅದಕ್ಕೆ ಒಳಪಟ್ಟದ್ದು, ಹೊರಹೋಗುವ ಷರತ್ತು ರಾಜ್ಯದ ಆಸ್ತಿಯಲ್ಲ.

ಅಂದರೆ ಸೇರುವಾಗ ಸ್ವಇಚ್ಛೆ, ಸೇರಿದ ಮೇಲೆ ಇಲ್ಲ.

ಸೇರದೇ ಉಳಿದವರು ಇವತ್ತಿಗೂ ಇದ್ದಾರೆ. ಮ್ಯಾಸಚೂಸೆಟ್ಸ್, ಒಹಾಯೊ, ನೆವಾಡಾದಂಥ ರಾಜ್ಯಗಳ ನೌಕರರು, ಕ್ಯಾಲಿಫೋರ್ನಿಯಾ ಮತ್ತು ಟೆಕ್ಸಸ್‌ನ ಬಹುಪಾಲು ಶಾಲಾ ಶಿಕ್ಷಕರು ಸೋಷಿಯಲ್ ಸೆಕ್ಯುರಿಟಿ ಕಟ್ಟುವುದಿಲ್ಲ, ರಾಜ್ಯದ ಪಿಂಚಣಿ ನಿಧಿಯೇ ಅವರಿಗೆ ಗತಿ. ಆದರೆ ಜುಲೈ 1991ರಿಂದ ಒಂದು ಷರತ್ತಿದೆ: ರಾಜ್ಯಕ್ಕೆ ತನ್ನದೇ ಪಿಂಚಣಿ ವ್ಯವಸ್ಥೆ ಇಲ್ಲದಿದ್ದರೆ ಆ ನೌಕರ ಕಡ್ಡಾಯವಾಗಿ ಒಳಗೆ. ನಮ್ಮ ಎನ್‌ಪಿಎಸ್ ಥರದ ಖಾತೆಯಾದರೆ ನೌಕರ ಮತ್ತು ಮಾಲೀಕ ಇಬ್ಬರದೂ ಸೇರಿ ಸಂಬಳದ ಕನಿಷ್ಠ ಶೇ. 7.5 ಜಮೆ ಆಗುತ್ತಿರಬೇಕು, ಆಗ ಮಾತ್ರ ಅದನ್ನು ಪಿಂಚಣಿ ವ್ಯವಸ್ಥೆ ಎಂದು ಒಪ್ಪುತ್ತಾರೆ.

ದರವನ್ನೂ ಬರೆದುಕೊಳ್ಳಿ: 1937ರಲ್ಲಿ ನೌಕರ ಶೇ. 1, ಮಾಲೀಕ ಶೇ. 1, ಅದೂ ವರ್ಷಕ್ಕೆ 3,000 ಡಾಲರ್ ಸಂಬಳದವರೆಗೆ. ಈಗ ತಲಾ ಶೇ. 6.2, 2025ರಲ್ಲಿ ಮಿತಿ 1,76,100 ಡಾಲರ್.

---

ಖಜಾನೆ_ಕಟ್ಟೆ (ಚಿಂತಾಮಣಿ)

ಇನ್ನು ನಮ್ಮ ಕಡೆಗೆ ಬರೋಣ. ವಾಟ್ಸಾಪ್ ಬರಹದ "ಹಾಗೆಯೇ" ಅನ್ನೋ ಮಾತೇ ತಪ್ಪು. ಅಮೆರಿಕದಲ್ಲಿ ಪಟ್ಟಿಯಲ್ಲಿಲ್ಲದ್ದು ರಾಜ್ಯಗಳಿಗೆ, ನಮ್ಮಲ್ಲಿ ಪಟ್ಟಿಯಲ್ಲಿಲ್ಲದ್ದು 248ನೇ ವಿಧಿ ಮತ್ತು ಕೇಂದ್ರ ಪಟ್ಟಿಯ 97ನೇ ನಮೂದಿನ ಪ್ರಕಾರ ಕೇಂದ್ರಕ್ಕೆ. ಅದೂ ಅಲ್ಲದೆ ನಮ್ಮಲ್ಲಿ ಪಿಂಚಣಿ ಪಟ್ಟಿಯಲ್ಲಿ ಇಲ್ಲದ ವಿಷಯವೇ ಅಲ್ಲ. ಏಳನೇ ಅನುಸೂಚಿ ತೆಗೆದರೆ ಮೂರೂ ಪಟ್ಟಿಯಲ್ಲಿ ಇದೆ:

ಕೇಂದ್ರ ಪಟ್ಟಿ 71: ಭಾರತ ಸರ್ಕಾರ ಕೊಡುವ ಅಥವಾ ಭಾರತದ ಸಂಚಿತ ನಿಧಿಯಿಂದ ಕೊಡುವ ಪಿಂಚಣಿ.
ರಾಜ್ಯ ಪಟ್ಟಿ 42: ರಾಜ್ಯ ಕೊಡುವ ಅಥವಾ ರಾಜ್ಯದ ಸಂಚಿತ ನಿಧಿಯಿಂದ ಕೊಡುವ ಪಿಂಚಣಿ.
ಸಮವರ್ತಿ ಪಟ್ಟಿ 23 ಮತ್ತು 24: ಸಾಮಾಜಿಕ ಭದ್ರತೆ, ಭವಿಷ್ಯ ನಿಧಿ, ಕಾರ್ಮಿಕರ ವೃದ್ಧಾಪ್ಯ ಪಿಂಚಣಿ.

ಕೋಲಾರದ ಡಿಸಿ ಆಫೀಸನ್ನೇ ಉದಾಹರಣೆಗೆ ತಗೊಳ್ಳಿ. 2010ರಲ್ಲಿ ಸೇರಿದ ಎಫ್‌ಡಿಎಗೆ ಪಿಂಚಣಿ ನಿಯಮ ಮಾಡುವುದು ಕರ್ನಾಟಕ (309ನೇ ವಿಧಿ, ರಾಜ್ಯ ಪಟ್ಟಿ 42). ಅದೇ ಕಟ್ಟಡದಲ್ಲಿ ಕೂರುವ ಜಿಲ್ಲಾಧಿಕಾರಿ ಐಎಎಸ್. ಅವರ ಸೇವಾ ನಿಯಮ 1951ರ ಅಖಿಲ ಭಾರತ ಸೇವೆಗಳ ಕಾಯ್ದೆಯಡಿ ಕೇಂದ್ರದ್ದು. ರಾಜ್ಯ ನಾಳೆ ಹಳೇ ಪಿಂಚಣಿ ತಂದರೂ ಅವರಿಗೆ ತಾಗುವುದಿಲ್ಲ. ಹೊರಗೆ ಅಂಚೆ ಕಚೇರಿಯ ಗುಮಾಸ್ತ ಕೇಂದ್ರ ಪಟ್ಟಿ 71. ನರಸಾಪುರದ ಕಾರ್ಖಾನೆಯವನು ಇಪಿಎಸ್-95 (ಭವಿಷ್ಯ ನಿಧಿಯ ಜೊತೆಗಿನ ಪಿಂಚಣಿ ಯೋಜನೆ), ಸಮವರ್ತಿ ಪಟ್ಟಿ 24ರಡಿ ಸಂಸತ್ತಿನ ಕಾಯ್ದೆ. ಹೈಕೋರ್ಟ್ ನ್ಯಾಯಮೂರ್ತಿಗಳದ್ದು ಇನ್ನೂ ತಮಾಷೆ: ಸಂಬಳ ರಾಜ್ಯದ ಸಂಚಿತ ನಿಧಿಯಿಂದ, ಪಿಂಚಣಿ 112(3)ನೇ ವಿಧಿ ಪ್ರಕಾರ ಭಾರತದ ಸಂಚಿತ ನಿಧಿಯಿಂದ.

ಸಮವರ್ತಿ ಪಟ್ಟಿ ಹಿಡಿದು ಕೇಂದ್ರ ರಾಜ್ಯ ನೌಕರರ ಮೇಲೆ ಬರಬಹುದಲ್ಲ ಅಂತ ಕೇಳಬಹುದು. 1952ರ ಭವಿಷ್ಯ ನಿಧಿ ಕಾಯ್ದೆಯೇ 16ನೇ ಪ್ರಕರಣದಲ್ಲಿ, ಸರ್ಕಾರದ ಕೈಕೆಳಗಿದ್ದು ಪಿಂಚಣಿ ಅಥವಾ ವಂತಿಗೆ ನಿಧಿಯ ಸೌಲಭ್ಯ ಇರುವ ಸಂಸ್ಥೆಗಳನ್ನು ಹೊರಗಿಟ್ಟಿತು. 2013ರ ಪಿಎಫ್‌ಆರ್‌ಡಿಎ ಕಾಯ್ದೆಯೂ (ಎನ್‌ಪಿಎಸ್ ನೋಡಿಕೊಳ್ಳುವ ಕೇಂದ್ರದ ಪ್ರಾಧಿಕಾರದ ಕಾಯ್ದೆ) ಅಷ್ಟೇ: 12ನೇ ಪ್ರಕರಣ ರಾಜ್ಯ ಸೇವೆಗೆ ನೇಮಕವಾದವರಿಗೆ ಕಾಯ್ದೆ ತಾನಾಗಿ ಅನ್ವಯಿಸದು ಎನ್ನುತ್ತದೆ, ಅದರ 4ನೇ ಉಪಪ್ರಕರಣ "ರಾಜ್ಯ ಬೇಕಾದರೆ ಅಧಿಸೂಚನೆ ಹೊರಡಿಸಿ ಎನ್‌ಪಿಎಸ್ ಅನ್ನು ತನ್ನ ನೌಕರರಿಗೆ ವಿಸ್ತರಿಸಿಕೊಳ್ಳಲಿ" ಎನ್ನುತ್ತದೆ. ಪಶ್ಚಿಮ ಬಂಗಾಳ ಸೇರಲೇ ಇಲ್ಲ. ನಮ್ಮ ಗಡಿಯಾಚೆ ತಮಿಳುನಾಡು 1-4-2003ರಿಂದ ವಂತಿಗೆ ಪಿಂಚಣಿ ಮಾಡಿತು, ಆದರೆ ಹಣವನ್ನು ಪಿಎಫ್‌ಆರ್‌ಡಿಎ ವ್ಯವಸ್ಥೆಗೆ ಒಪ್ಪಿಸಲಿಲ್ಲ. ಕರ್ನಾಟಕ 1-4-2006ರಿಂದ ಸೇರಿದವರಿಗೆ ಎನ್‌ಪಿಎಸ್ ತಂದಿತು. ಮೂರು ರಾಜ್ಯ, ಮೂರು ದಾರಿ. ಅಧಿಕಾರ ರಾಜ್ಯದ್ದೇ ಎಂಬುದಕ್ಕೆ ಇಷ್ಟು ಸಾಕು.

ಹಾಗಾದರೆ "ಕೇಂದ್ರ ಕೇಳೋ ಹಾಗಿಲ್ಲ" ಅನ್ನೋದು ಸರಿಯಾ? ಕಾನೂನು ಮಾಡುವ ಮಟ್ಟಿಗೆ ಸರಿ. ದುಡ್ಡಿನ ಮಟ್ಟಿಗೆ ಅಲ್ಲ. ನನ್ನ ಮಟ್ಟಿಗೆ ಇಡೀ ಚರ್ಚೆಯ ಗುಟ್ಟು ಇದೇ: ಪಿಂಚಣಿ ಕೊಡುವ ಅಧಿಕಾರಕ್ಕೆ ಬೇಲಿ ಕಡಿಮೆ, ಹಣ ಯಾರ ಕೈಯಲ್ಲಿ ಕೂತಿದೆ ಅನ್ನೋದೇ ನಿಜವಾದ ಬೇಲಿ.

ಲೆಕ್ಕ ನೋಡಿ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 55,000 ಇದೆ ಅಂದುಕೊಳ್ಳಿ. ನೌಕರನ ಶೇ. 10 ಅಂದರೆ 5,500, ಸರ್ಕಾರದ ಶೇ. 14 ಅಂದರೆ 7,700. ತಿಂಗಳಿಗೆ 13,200 ರೂಪಾಯಿ. ಸಂಬಳ ಸೆಳೆಯುವ ಅಧಿಕಾರಿ (ಡಿಡಿಒ) ಎಚ್‌ಆರ್‌ಎಂಎಸ್ ತಂತ್ರಾಂಶದಲ್ಲಿ ಬಿಲ್ ಮಾಡುತ್ತಾರೆ, ಖಜಾನೆ-2 ತಂತ್ರಾಂಶದ ಮೂಲಕ ಹಣ ಟ್ರಸ್ಟಿ ಬ್ಯಾಂಕಿಗೆ ಹೋಗುತ್ತದೆ, ಅಲ್ಲಿಂದ ಪಿಂಚಣಿ ನಿಧಿ ನಿರ್ವಾಹಕರಿಗೆ, ಕೊನೆಗೆ ನೌಕರನ ಪ್ರಾನ್ (ಎನ್‌ಪಿಎಸ್‌ನ ಕಾಯಂ ನಂಬರಿನ) ಖಾತೆಯಲ್ಲಿ ಯೂನಿಟ್ ಆಗಿ ಕೂರುತ್ತದೆ. ಅಲ್ಲಿಗೆ ಅದು ರಾಜ್ಯದ ಸಂಚಿತ ನಿಧಿಯಿಂದ ಆಚೆ ಹೋಯಿತು.

ರಾಜ್ಯ ಹಳೇ ಪಿಂಚಣಿಗೆ ಮರಳಿದರೆ ಆ ತಿಂಗಳಿಂದಲೇ 7,700 ಉಳಿಯುತ್ತದೆ, ನೌಕರನ 5,500 ಸಾಮಾನ್ಯ ಭವಿಷ್ಯ ನಿಧಿಗೆ (ಜಿಪಿಎಫ್) ಹೋಗಬಹುದು. ಬಜೆಟ್ ಮೊದಲ ವರ್ಷಗಳಲ್ಲಿ ಹಗುರ ಕಾಣುತ್ತದೆ. 2006ರಲ್ಲಿ 25-30 ವಯಸ್ಸಿಗೆ ಸೇರಿದವರು ನಿವೃತ್ತರಾಗುವುದು 2036ರಿಂದ 2041ರ ಸುಮಾರಿಗೆ. ಭಾರ ಬೀಳುವುದು ಆಗ. ಆದರೆ ಇಷ್ಟು ವರ್ಷ ಕಟ್ಟಿದ ಹಣ? ರಾಜಸ್ಥಾನ, ಛತ್ತೀಸ್‌ಗಢ, ಪಂಜಾಬ್, ಹಿಮಾಚಲ, ಜಾರ್ಖಂಡ್ ಹಳೇ ಪಿಂಚಣಿ ಘೋಷಿಸಿ ಹಣ ವಾಪಸ್ ಕೇಳಿದಾಗ, 2013ರ ಕಾಯ್ದೆ ಮತ್ತು 2015ರ ನಿರ್ಗಮನ ನಿಯಮಾವಳಿಯಲ್ಲಿ ರಾಜ್ಯಕ್ಕೆ ಹಣ ಹಿಂದಿರುಗಿಸಲು ಅವಕಾಶವೇ ಇಲ್ಲ ಎಂದು ಕೇಂದ್ರ ಸಂಸತ್ತಿನಲ್ಲಿ ಉತ್ತರ ಕೊಟ್ಟಿತು. ನೌಕರ ನಿವೃತ್ತನಾದಾಗ ಅವನ ಹೆಸರಿಗೆ ಮಾತ್ರ ಹಣ ಬಿಡುಗಡೆ, ಅದರಲ್ಲೂ ಸರ್ಕಾರಿ ನೌಕರ 60ಕ್ಕೆ ಬಿಡುವಾಗ ಕನಿಷ್ಠ ಶೇ. 40 ಆನ್ಯುಟಿಗೆ, ಅಂದರೆ ಕಂತು ಕಂತಾಗಿ ಪಿಂಚಣಿ ಕೊಡುವ ವಿಮಾ ಯೋಜನೆಗೆ.

ಎರಡನೇ ಹಿಡಿತ ಸಾಲ. ಕೇಂದ್ರದ ಸಾಲ ಬಾಕಿ ಇರುವ ರಾಜ್ಯ ಹೊಸ ಸಾಲಕ್ಕೆ 293(3)ನೇ ವಿಧಿಯಡಿ ಒಪ್ಪಿಗೆ ಪಡೆಯಬೇಕು. ಎನ್‌ಪಿಎಸ್‌ಗೆ ಕಟ್ಟುವ ಮೊತ್ತದಷ್ಟು ಹೆಚ್ಚುವರಿ ಸಾಲಕ್ಕೆ ಕೇಂದ್ರ ಅವಕಾಶ ಕೊಟ್ಟಿದೆ. ಕಟ್ಟುವುದು ನಿಲ್ಲಿಸಿದರೆ ಅದೂ ನಿಂತಿತು. ಅಮೆರಿಕದ ಶೇ. 90 ರಿಯಾಯಿತಿ, ಹೆದ್ದಾರಿಯ ಶೇ. 5 ಇವುಗಳ ಜಾತಿಗೇ ಸೇರಿದ್ದು. 293ನೇ ವಿಧಿಯಡಿ ಕೇಂದ್ರ ಎಷ್ಟರ ಮಟ್ಟಿಗೆ ಷರತ್ತು ಹಾಕಬಹುದು ಎಂಬ ಪ್ರಶ್ನೆಯನ್ನು ಕೇರಳದ ದಾವೆಯಲ್ಲಿ ಸುಪ್ರೀಂ ಕೋರ್ಟು 1-4-2024ರಂದು ಸಂವಿಧಾನ ಪೀಠಕ್ಕೆ ಒಪ್ಪಿಸಿತು.

---

ಅಂತರಗಂಗೆ_ಓದುಗ (ಕೋಲಾರ)

ಬಹಳ ಉಪಕಾರ. ಎರಡು ಮರುಪ್ರಶ್ನೆ. 2024ರಲ್ಲಿ ಕರ್ನಾಟಕವೇ ಸುಮಾರು 13,000 ನೌಕರರನ್ನು ಹಳೇ ಪಿಂಚಣಿಗೆ ತಂದಿತಲ್ಲ, ಅದು ಹೇಗೆ? ಇನ್ನೊಂದು, ವಿರೋಧ ತಂಡದ ಹುಡುಗಿ ಒಬ್ಬಳು "ಪಿಂಚಣಿ ನೌಕರನ ಆಸ್ತಿ, ಯಾವ ಸರ್ಕಾರವೂ ಮುಟ್ಟುವ ಹಾಗಿಲ್ಲ" ಅಂತ ವಾದ ಹೂಡುತ್ತಿದ್ದಾಳೆ. ಎರಡೂ ದೇಶಕ್ಕೆ ಒಂದೇ ಉತ್ತರವಾ?

---

ಖಜಾನೆ_ಕಟ್ಟೆ (ಚಿಂತಾಮಣಿ)

ಮೊದಲನೆಯದಕ್ಕೆ: ಅದು ಎನ್‌ಪಿಎಸ್ ರದ್ದತಿ ಅಲ್ಲ. 1-4-2006ಕ್ಕಿಂತ ಮೊದಲೇ ನೇಮಕಾತಿ ಅಧಿಸೂಚನೆ ಹೊರಟು, ಇಲಾಖೆಯ ವಿಳಂಬದಿಂದ ಆ ದಿನಾಂಕದ ನಂತರ ಕೆಲಸಕ್ಕೆ ಸೇರಿದವರಿಗೆ ಮಾತ್ರ ಒಮ್ಮೆ ಆಯ್ಕೆ ಕೊಟ್ಟ ಆದೇಶ. ಕೇಂದ್ರವೂ 3-3-2023ರ ಆದೇಶದಲ್ಲಿ ಇದನ್ನೇ ಮಾಡಿತ್ತು; ಅಲ್ಲಿ ಗಡುವು ಎನ್‌ಪಿಎಸ್ ಅಧಿಸೂಚನೆಯ ದಿನ, 22-12-2003. ಕೇಂದ್ರದ ಆದೇಶದಲ್ಲಿ ನೌಕರನ ಪಾಲು ಜಿಪಿಎಫ್‌ಗೆ, ಸರ್ಕಾರದ ಪಾಲು ಸರ್ಕಾರದ ಲೆಕ್ಕಕ್ಕೆ ಎಂದು ಬರೆದಿದೆ. ಇಲ್ಲಿ ನೌಕರ ಎನ್‌ಪಿಎಸ್‌ಗೆ ಸೇರಬೇಕಾದವನೇ ಅಲ್ಲ ಎಂದು ಒಪ್ಪಿಕೊಂಡಂತಾಯಿತು. ಇಡೀ ರಾಜ್ಯ ಯೋಜನೆಯಿಂದ ಹೊರಬರುವುದು ಬೇರೆ ಮಾತು. ಎರಡನ್ನೂ ಬೆರೆಸಿದರೆ ತೀರ್ಪುಗಾರರು ಅಲ್ಲೇ ಹಿಡಿಯುತ್ತಾರೆ.

ಅಧಿಸೂಚನೆಯ ದಿನಾಂಕ, ಆಯ್ಕೆಪಟ್ಟಿಯ ದಿನಾಂಕ, ವರದಿ ಮಾಡಿಕೊಂಡ ದಿನಾಂಕ ಮೂರೂ ಬೇರೆ ಬೇರೆ. ಇಂಥ ಕಡತಗಳು ಸಿಕ್ಕಿಬೀಳುವುದು ಇದರಲ್ಲೇ. ಸೇವಾ ಪುಸ್ತಕದಲ್ಲಿ ಸಾಮಾನ್ಯವಾಗಿ ಮೂರನೆಯದು ಮಾತ್ರ ಇರುತ್ತದೆ, ಅಧಿಸೂಚನೆಯ ರಾಜ್ಯಪತ್ರದ ಪ್ರತಿ ಬೇರೆಯಾಗಿ ಲಗತ್ತಿಸಬೇಕಾಗುತ್ತದೆ.

---

ಬಂಗಾರಪೇಟೆ_ಲಾ

ಆಸ್ತಿ ಪ್ರಶ್ನೆಗೆ ಎರಡು ದೇಶ ಎರಡು ದಿಕ್ಕು ಹಿಡಿದಿವೆ. ಆ ಹುಡುಗಿಗೆ ಅರ್ಧ ಅಂಕ.

ಅಮೆರಿಕದ ಪ್ರಕರಣ ಫ್ಲೆಮಿಂಗ್ ವರ್ಸಸ್ ನೆಸ್ಟರ್, 1960. ನೆಸ್ಟರ್ ಬಲ್ಗೇರಿಯಾದಿಂದ 1913ರಲ್ಲಿ ಬಂದವನು, 1955ರವರೆಗೆ ಸೋಷಿಯಲ್ ಸೆಕ್ಯುರಿಟಿ ತೆರಿಗೆ ಕಟ್ಟಿದ್ದ, ತಿಂಗಳಿಗೆ 55.60 ಡಾಲರ್ ಬರುತ್ತಿತ್ತು. 1930ರ ದಶಕದಲ್ಲಿ ಕಮ್ಯುನಿಸ್ಟ್ ಪಕ್ಷದ ಸದಸ್ಯನಾಗಿದ್ದ ಕಾರಣಕ್ಕೆ 1956ರಲ್ಲಿ ಗಡೀಪಾರು. ಗಡೀಪಾರಾದವರಿಗೆ ಹಣ ನಿಲ್ಲಿಸುವ ನಿಯಮ 1954ರಲ್ಲಿ ಬಂದಿತ್ತು, ಆದ್ದರಿಂದ ಅದೂ ನಿಂತಿತು. ಕೋರ್ಟು 5-4ರಲ್ಲಿ ಹೇಳಿತು: ಕಟ್ಟಿದ್ದು ತೆರಿಗೆ, ಬರುವುದು ಕಾಯ್ದೆ ಕೊಟ್ಟ ಸೌಲಭ್ಯ, ಖಾಸಗಿ ವಿಮೆಯ ಹಾಗೆ ಕೂಡಿಟ್ಟ ಆಸ್ತಿಯ ಹಕ್ಕು ಇಲ್ಲ. ತೀರಾ ವಿವೇಚನೆಯಿಲ್ಲದ ಕಡಿತವಾದರೆ ಮಾತ್ರ ಸಂವಿಧಾನ ಅಡ್ಡ ಬರುತ್ತದೆ. 1937ರಲ್ಲಿ ತೆರಿಗೆಯನ್ನೂ ಪಿಂಚಣಿಯನ್ನೂ ಬೇರೆ ಬೇರೆ ಇಟ್ಟು ಗೆದ್ದಿದ್ದರಲ್ಲ, ಅದರ ಬೆಲೆ ಇಲ್ಲಿ ತೆತ್ತದ್ದು ನೌಕರ. ಕಾಯ್ದೆಯನ್ನು ಉಳಿಸಿದ ಜಾಣತನವೇ ಅವನ ಹಕ್ಕನ್ನು ತೆಳುವಾಗಿಸಿತು. ನನಗೆ ಈ ತೀರ್ಪು ರುಚಿಸುವುದಿಲ್ಲ, ಆದರೆ ಇಂದಿಗೂ ಅದೇ ಕಾನೂನು.

ಅಲ್ಲಿಯ ರಾಜ್ಯಗಳ ನೌಕರರ ಪಿಂಚಣಿ ಕಥೆ ಬೇರೆ. ರಾಜ್ಯಗಳು ಕರಾರಿನ ಬಾಧ್ಯತೆ ಮುರಿಯಬಾರದೆಂದು ಒಕ್ಕೂಟ ಸಂವಿಧಾನದಲ್ಲೇ ಇದೆ. ಇಲಿನಾಯ್ ಸಂವಿಧಾನವಂತೂ ಪಿಂಚಣಿ ಸೌಲಭ್ಯ ಕಡಿಮೆ ಮಾಡಬಾರದು ಎಂದು ನೇರವಾಗಿ ಬರೆದುಕೊಂಡಿದೆ; ನಿಧಿ ಬರಿದಾಗುತ್ತಿದೆ ಎಂದು 2013ರಲ್ಲಿ ತಂದ ಕಡಿತವನ್ನು ಅಲ್ಲಿಯ ಸುಪ್ರೀಂ ಕೋರ್ಟು 2015ರಲ್ಲಿ ತಳ್ಳಿಹಾಕಿತು.

ಭಾರತದಲ್ಲಿ ದೇವಕಿನಂದನ್ ಪ್ರಸಾದ್ ವರ್ಸಸ್ ಬಿಹಾರ ರಾಜ್ಯ, 1971: ಪಿಂಚಣಿ ಸರ್ಕಾರದ ಕೃಪೆಯಲ್ಲ, ಆಸ್ತಿ. ಡಿ.ಎಸ್. ನಕಾರ ತೀರ್ಪು, 17-12-1982: 31-3-1979ರ ಗಡುವಿನ ಹಿಂದೆ ಮುಂದೆ ಎಂದು ನಿವೃತ್ತರನ್ನು ಎರಡು ಭಾಗ ಮಾಡಿ ಪರಿಷ್ಕೃತ ಪಿಂಚಣಿ ಒಬ್ಬರಿಗೆ ಮಾತ್ರ ಕೊಡುವುದು 14ನೇ ವಿಧಿಗೆ ವಿರುದ್ಧ. ಪ್ರತಿ ವರ್ಷ ಡಿಸೆಂಬರ್ 17 ಪಿಂಚಣಿದಾರರ ದಿನ ಆಗಿರುವುದು ಅದಕ್ಕೇ. 44ನೇ ತಿದ್ದುಪಡಿಯ ಮೇಲೆ ಆಸ್ತಿ ಮೂಲಭೂತ ಹಕ್ಕಾಗಿ ಉಳಿಯಲಿಲ್ಲ, 300ಎ ವಿಧಿಯ ಹಕ್ಕಾಯಿತು. ಅಂದರೆ ಕಾನೂನಿನ ಬಲ ಇಲ್ಲದೆ ಕಿತ್ತುಕೊಳ್ಳುವ ಹಾಗಿಲ್ಲ. ಬಲ ಇದ್ದರೆ ತಡೆಹಿಡಿಯಬಹುದು. ಜಾರ್ಖಂಡ್ ವರ್ಸಸ್ ಜಿತೇಂದ್ರ ಕುಮಾರ್ ಶ್ರೀವಾಸ್ತವ, 2013 ಇದನ್ನೇ ಹೇಳಿದ್ದು: ನಿಯಮದಲ್ಲಿ ಇಲ್ಲದ್ದನ್ನು ಬರೀ ಸುತ್ತೋಲೆಯಿಂದ ಮಾಡಬೇಡಿ. ನಮ್ಮಲ್ಲಿ ಆ ನಿಯಮ ಕರ್ನಾಟಕ ನಾಗರಿಕ ಸೇವಾ ನಿಯಮಾವಳಿಯ (ಕೆಸಿಎಸ್‌ಆರ್) 214. ಘೋರ ದುರ್ನಡತೆ ವಿಚಾರಣೆಯಲ್ಲಿ ಸಾಬೀತಾದರೆ ಪಿಂಚಣಿ ತಡೆಯಬಹುದು, ಆದರೆ ನಿವೃತ್ತಿಯ ನಂತರ ಶುರುಮಾಡುವ ಇಲಾಖಾ ವಿಚಾರಣೆಗೆ ಸರ್ಕಾರದ ಮಂಜೂರಾತಿ ಬೇಕು, ಘಟನೆ ನಾಲ್ಕು ವರ್ಷಕ್ಕಿಂತ ಹಳೆಯದಾಗಿರಬಾರದು.

ಹುಡುಗಿ ನಕಾರ ತೀರ್ಪನ್ನು ಎನ್‌ಪಿಎಸ್ ವಿರುದ್ಧ ಬಳಸಲು ಹೋದರೆ ತಡೆಯಿರಿ. ನಕಾರದಲ್ಲಿ ಇದ್ದದ್ದು ಒಂದೇ ಯೋಜನೆಯೊಳಗಿನ ಒಡಕು. ಹೊಸದಾಗಿ ಸೇರುವವರಿಗೆ ಬೇರೆ ಯೋಜನೆ ಮಾಡಬಾರದು ಎಂದು ಅದು ಹೇಳಿಲ್ಲ.

---

ಮಾಲೂರು_ನೋಟ್ಸ್

ಒಂದು ಸೇರ್ಪಡೆ. ಚರ್ಚೆಯಲ್ಲಿ "ಪಿಂಚಣಿ" ಅಂದಾಗ ಸಭೆಯಲ್ಲಿ ಅರ್ಧ ಜನಕ್ಕೆ ನೆನಪಾಗುವುದು ನಾಡಕಚೇರಿಯ ವೃದ್ಧಾಪ್ಯ ವೇತನ. ಅದಕ್ಕೆ ಕೇಂದ್ರದ ಪಾಲು ಇಂದಿರಾ ಗಾಂಧಿ ಯೋಜನೆಯಡಿ 60ರಿಂದ 79 ವಯಸ್ಸಿಗೆ ತಿಂಗಳಿಗೆ 200 ರೂಪಾಯಿ, 80 ದಾಟಿದರೆ 500. ಅದೂ ಬಡತನ ರೇಖೆಯ ಕೆಳಗಿನವರಿಗೆ ಮಾತ್ರ. ಮಿಕ್ಕಿದ್ದೆಲ್ಲ ರಾಜ್ಯದ ಗಂಟು. ಸಂಧ್ಯಾ ಸುರಕ್ಷಾ ಅಡಿ 65 ದಾಟಿದವರಿಗೆ ಸಿಗುವ 1,200 ಪೂರ್ತಿ ರಾಜ್ಯದ್ದೇ. ಕೇಂದ್ರ ಇಂಥದ್ದಕ್ಕೆ ಹಣ ಕೊಡಲು 282ನೇ ವಿಧಿ ಸಾಕು: ಯಾವುದೇ ಸಾರ್ವಜನಿಕ ಉದ್ದೇಶಕ್ಕೆ ಅನುದಾನ ಕೊಡಬಹುದು, ಆ ವಿಷಯದ ಮೇಲೆ ಕಾನೂನು ಮಾಡುವ ಅಧಿಕಾರ ಇಲ್ಲದಿದ್ದರೂ. ಸುಪ್ರೀಂ ಕೋರ್ಟು 2010ರ ಭೀಮ್ ಸಿಂಗ್ ಪ್ರಕರಣದಲ್ಲಿ ಸಂಸದರ ನಿಧಿಯ ಸಂದರ್ಭದಲ್ಲಿ ಇದನ್ನು ಎತ್ತಿಹಿಡಿಯಿತು. ಅಮೆರಿಕ ಎರಡು ತೀರ್ಪು, ಒಂದೂವರೆ ಶತಮಾನದ ಜಗಳ ಕಂಡು ತಲುಪಿದ ಜಾಗವನ್ನು ನಮ್ಮವರು ಒಂದು ವಾಕ್ಯದಲ್ಲಿ ಬರೆದಿಟ್ಟಿದ್ದಾರೆ.

ವಿಷಯವನ್ನು "ಪಿಂಚಣಿ ಯೋಜನೆ ಒಕ್ಕೂಟ ಸರ್ಕಾರದ ಕೆಲಸವೇ ಅಲ್ಲ" ಅಂತ ಇಟ್ಟರೆ ಪರ ವಹಿಸುವವರು ಭಾರತದ ಮಟ್ಟಿಗೆ ಮೊದಲ ನಿಮಿಷದಲ್ಲೇ ಸೋಲುತ್ತಾರೆ, ಕೇಂದ್ರ ಪಟ್ಟಿ 71 ಓದಿದರೆ ಮುಗಿಯಿತು. ಆಯೋಜಕರು ಒಪ್ಪಿದರೆ "ರಾಜ್ಯ ನೌಕರರ ಪಿಂಚಣಿ ನಿಧಿ ರಾಜ್ಯದ ಹಿಡಿತದಲ್ಲೇ ಇರಬೇಕು" ಎಂದು ಬದಲಿಸಿ. ಆಗ ತಮಿಳುನಾಡು ಒಂದು ಕಡೆಗೆ, ಕರ್ನಾಟಕ ಇನ್ನೊಂದು ಕಡೆಗೆ ಸಾಕ್ಷಿ ಹೇಳುತ್ತವೆ.

---

ಅಂತರಗಂಗೆ_ಓದುಗ (ಕೋಲಾರ)

ವಿಷಯ ಬದಲಿಸಲು ಆಯೋಜಕರ ಹತ್ತಿರ ಮಾತಾಡುತ್ತೇನೆ. ಆಲ್ಟನ್ ಪ್ರಕರಣ ಪರ ತಂಡಕ್ಕೆ, ಬೋವೆನ್ ಪ್ರಕರಣ ವಿರೋಧ ತಂಡಕ್ಕೆ ಹಂಚಿದ್ದೇನೆ. ಪಿಎಫ್‌ಆರ್‌ಡಿಎ ಕಾಯ್ದೆಯ 12ನೇ ಪ್ರಕರಣದ ಪ್ರತಿ ಎರಡೂ ಕಡೆಗೆ. ಎಲ್ಲರಿಗೂ ಧನ್ಯವಾದ.